ಮಿಷನ್ ಕೆಲಸ ಮುಗಿಸಿ ಸಫಾರಿಗೆ ಹೊರಟವರು ಕೇಳುವ ಪ್ರಶ್ನೆಗಳು

ದಕ್ಷಿಣ ಸುಡಾನ್, ಉತ್ತರ ಉಗಾಂಡಾ, ಪೂರ್ವ ಕಾಂಗೋ ಕಡೆ ಕೆಲಸ ಮಾಡುವ ನಮ್ಮವರಿಗೇನೂ ಕಮ್ಮಿ ಇಲ್ಲ. ಮಂಗಳೂರು ಕಡೆಯ ಸಿಸ್ಟರ್‌ಗಳು, ಮಿಷನ್ ಆಸ್ಪತ್ರೆಯ ಡಾಕ್ಟರ್‌ಗಳು, ವಿಶ್ವಸಂಸ್ಥೆಯ ಶಾಂತಿಪಡೆಗೆ ಹೋದ ಸೈನಿಕರು, ನಿರಾಶ್ರಿತರ ಶಿಬಿರದಲ್ಲಿ ಬೋರ್‌ವೆಲ್ ಕೊರೆಸುವ ಎಂಜಿನಿಯರ್‌ಗಳು ಎಲ್ಲರೂ ಇದ್ದಾರೆ. ರಜೆ ಹತ್ತಿರ ಬಂದಾಗ ಮಾತಿನ ನಡುವೆಯೋ ಪತ್ರದಲ್ಲೋ ಇವರು ಕೇಳುವುದನ್ನೆಲ್ಲ ಇಲ್ಲಿ ಒಟ್ಟು ಮಾಡಿದ್ದೇನೆ. ಉತ್ತರಗಳು ಉಗಾಂಡಾ ಮತ್ತು ಕೀನ್ಯಾಕ್ಕೆ ಸೇರಿದವು. ಆ ಭಾಗದಲ್ಲಿ ದುಡಿಯುವವರು ಸಾಮಾನ್ಯವಾಗಿ ರಜೆಗೆ ಇಳಿದು ಬರುವುದೂ ಅಲ್ಲಿಗೇ.

## ಹೋಗಬೇಕೋ ಬೇಡವೋ

ನನಗೆ ಬೇಕಿರೋದು ನಿದ್ದೆ. ಬೆಳಗ್ಗೆ ಐದಕ್ಕೆ ಎದ್ದು ಜೀಪು ಹತ್ತೋದು ಯಾವ ಸೀಮೆ ವಿಶ್ರಾಂತಿ?

ನಿಮ್ಮ ಅನುಮಾನ ಸರಿಯಾಗಿಯೇ ಇದೆ. ವಾರ್ಡಿನಿಂದ ನೇರವಾಗಿ ಜೀಪಿಗೆ ಹೋದರೆ ದಣಿವಿನ ಮೇಲೆ ಧೂಳು ಕೂತಂತೆ ಆಗುತ್ತದೆ, ಅಷ್ಟೇ. ಮೊದಲು ಎರಡು ರಾತ್ರಿ ಎಲ್ಲಾದರೂ ಸುಮ್ನೆ ಮಲಗಿ. ಉಗಾಂಡಾದ ಎಂಟೆಬ್ಬೆ ಇದಕ್ಕೆ ಒಳ್ಳೆಯ ಊರು. ವಿಮಾನ ನಿಲ್ದಾಣ ಅಲ್ಲೇ, ವಿಕ್ಟೋರಿಯಾ ಸರೋವರ ಅಲ್ಲೇ. 1898ರಲ್ಲಿ ಶುರುವಾದ ಸಸ್ಯೋದ್ಯಾನವೂ ಇದೆ. ಅಲ್ಲಿ ಬೆಂಚಿನ ಮೇಲೆ ಕೂತರೆ ಕಪ್ಪು ಬಿಳಿ ಬಣ್ಣದ ಕೊಲೋಬಸ್ ಕೋತಿಗಳು ತಲೆಯ ಮೇಲೆ ಕೊಂಬೆಯಿಂದ ಕೊಂಬೆಗೆ ಹಾರುತ್ತಿರುತ್ತವೆ.

ನಿದ್ದೆ ಆದ ಮೇಲೂ ಉಳಿಯುವ ಒಂದು ಥರದ ಆಯಾಸ ಇದೆ. ಅದು ತೀರ್ಮಾನ ತಗೊಂಡು ತಗೊಂಡು ಬರುವ ಆಯಾಸ. ಇರುವ ಒಂದು ಬಾಟ್ಲು ರಕ್ತ ಯಾರಿಗೆ? ಇವತ್ತಿನ ಲಾರಿ ಯಾವ ಶಿಬಿರಕ್ಕೆ? ರಸ್ತೆ ಸರಿ ಇದೆಯಾ, ಹೊರಡೋಣವಾ? ಸಫಾರಿಯಲ್ಲಿ ಇದ್ಯಾವುದನ್ನೂ ನಿಮ್ಮನ್ನು ಯಾರೂ ಕೇಳುವುದಿಲ್ಲ. ಎಡಕ್ಕೋ ಬಲಕ್ಕೋ ಅನ್ನುವುದನ್ನು ಡ್ರೈವರ್ ನೋಡಿಕೊಳ್ಳುತ್ತಾನೆ. ಯಾವ ಪ್ರಾಣಿ ಕಾಣಬೇಕು ಅನ್ನುವುದು ಅವನ ಕೈಯಲ್ಲೂ ಇಲ್ಲ. ಬೇರೆ ರಜೆಗಳಲ್ಲಿ ಸಿಗದ ಬಿಡುವು ಇದು. ಸಫಾರಿಗೆ ಹೋಗಿ ಅಂತ ನಾನು ಹೇಳುವುದು ಈ ಒಂದು ಕಾರಣಕ್ಕೆ. ಸಿಂಹ, ಆನೆ ಎಲ್ಲ ಆಮೇಲಿನ ಮಾತು.

ಸಿಗೋದೇ ವಾರದ ರಜೆ. ಅಷ್ಟರಲ್ಲಿ ಆಗುತ್ತಾ?

ಧಾರಾಳವಾಗಿ. ವಿಶ್ವಸಂಸ್ಥೆಯವರಿಗೆ ಕಷ್ಟದ ಠಾಣೆಗಳಲ್ಲಿ ಕೆಲವು ವಾರಕ್ಕೊಮ್ಮೆ ಐದು ಕೆಲಸದ ದಿನ ಬಿಡುವು ಸಿಗುತ್ತದೆ, ಪ್ರಯಾಣದ ಸಮಯ ಬೇರೆ. ಇತರ ಸಂಸ್ಥೆಗಳದು ಅವರವರ ಲೆಕ್ಕ. ವಾರ ಸಿಕ್ಕರೆ ಎರಡು ರಾತ್ರಿ ನಿದ್ದೆಗೆ, ಮೂರು ರಾತ್ರಿ ಒಂದೇ ಕಾಡಿನಲ್ಲಿ, ವಾಪಸ್ ಬಂದು ಇನ್ನೊಂದು ರಾತ್ರಿ. ಆರು ದಿನದಲ್ಲಿ ಮೂರು ಪಾರ್ಕ್ ತೋರಿಸುವ ಪ್ಯಾಕೇಜ್‌ಗಳು ಬೇಕಾದಷ್ಟಿವೆ. ಅವು ನಿಮಗಲ್ಲ. ಅದರಲ್ಲಿ ಅರ್ಧ ರಜೆ ಕಾರಿನ ಸೀಟಿನಲ್ಲೇ ಕಳೆಯುತ್ತದೆ.

ಕಬಿನಿ, ನಾಗರಹೊಳೆ ಎಲ್ಲ ನೋಡಿದ್ದೀನಿ. ಅಲ್ಲಿ ಹೊಸದೇನಿದೆ?

ಕಣ್ಣಿಗೆ ಸಿಗುವ ದೂರ. ನಮ್ಮ ಕಾಡಿನಲ್ಲಿ ಪೊದೆ ಅಲುಗಿದರೆ ಎಲ್ಲರೂ ಉಸಿರು ಬಿಗಿಹಿಡಿದು ಕಾಯುತ್ತೇವೆ. ಹುಲಿ ಕಂಡರೆ ಹಬ್ಬ, ಕಾಣದಿದ್ದರೆ ಜಗಳ. ಪೂರ್ವ ಆಫ್ರಿಕಾದ ಹುಲ್ಲುಗಾವಲಿನಲ್ಲಿ ಕಿಲೋಮೀಟರ್‌ಗಟ್ಟಲೆ ಬಯಲು. ಜಿರಾಫೆ ಕಾಲು ಗಂಟೆ ಮುಂಚೆಯೇ ಕಾಣುತ್ತದೆ, ನಿಧಾನವಾಗಿ ಹತ್ತಿರ ಬರುತ್ತದೆ. ಎಲ್ಲಿಂದ ಏನು ಎರಗುತ್ತದೋ ಅಂತ ತಿಂಗಳುಗಟ್ಟಲೆ ಎಚ್ಚರದಲ್ಲಿದ್ದವರಿಗೆ ಈ ಬಯಲು ಹಿತ. ಇನ್ನು ಆನೆ ಹಿಂಡು ನೋಡುವುದಷ್ಟೇ ಆಸೆಯಾದರೆ ಏಪ್ರಿಲ್‌ನಲ್ಲಿ ಕಬಿನಿ ಹಿನ್ನೀರಿಗೆ ಹೋಗಿ, ಸಾಕು.

## ಎಲ್ಲಿಗೆ, ಯಾವಾಗ

ಹತ್ತು ಹೆಸರು ಬೇಡ, ಒಂದು ಪಾರ್ಕ್ ಹೇಳಿಬಿಡಿ.

ಮರ್ಚಿಸನ್ ಫಾಲ್ಸ್.

ಉಗಾಂಡಾದ ಅತಿ ದೊಡ್ಡ ರಾಷ್ಟ್ರೀಯ ಉದ್ಯಾನ ಇದು, ಸುಮಾರು 3,800 ಚದರ ಕಿಲೋಮೀಟರ್. ಕಂಪಾಲಾದಿಂದ 300 ಕಿಲೋಮೀಟರ್ ಆಸುಪಾಸು. ಉತ್ತರದ ಗುಲು ಕಡೆ ಕೆಲಸ ಮಾಡುವವರಿಗೆ ಇನ್ನೂ ಹತ್ತಿರ. ಆದರೆ ನಾನು ಇದನ್ನೇ ಹೇಳುವುದು ದೋಣಿಗಾಗಿ. ಪಾರಾ ಅನ್ನುವ ಕಡೆ ದೋಣಿ ಹತ್ತಿದರೆ ನೈಲ್ ನದಿಯಲ್ಲಿ ಪ್ರವಾಹಕ್ಕೆ ಎದುರಾಗಿ ಜಲಪಾತದ ಬುಡದವರೆಗೆ ಹೋಗಿ ಬರಬಹುದು. ಎಲ್ಲ ಸೇರಿ ಮೂರು ಗಂಟೆ. ಕುಲುಕಾಟ ಇಲ್ಲ, ಧೂಳಿಲ್ಲ. ದಡದಂಚಿನ ನೀರಿನಲ್ಲಿ ಹಿಪ್ಪೊಗಳು ಗುಂಪಾಗಿ ಬಿದ್ದಿರುತ್ತವೆ. ಕಿವಿ, ಕಣ್ಣು, ಮೂಗಿನ ಹೊಳ್ಳೆ ಮೂರೇ ನೀರಿನ ಮೇಲೆ. ಆಗಾಗ ಒಂದು ಕಿವಿ ಫಟ್ ಅಂತ ಒದರುತ್ತದೆ. ಮರಳಿನ ಮೇಲೆ ಮೊಸಳೆ ಬಾಯಿ ತೆರೆದು ಅಲುಗಾಡದೆ ಮಲಗಿರುತ್ತದೆ. ಜಲಪಾತ ಇನ್ನೂ ಕಾಣುವ ಮೊದಲೇ ನೀರಿನ ಮೇಲೆ ಬಿಳಿ ನೊರೆಯ ಮುದ್ದೆಗಳು ತೇಲಿ ಬರಲು ಶುರುವಾಗುತ್ತವೆ. ಅಷ್ಟು ದೊಡ್ಡ ನೈಲ್ ಅಲ್ಲಿ ಸುಮಾರು 7 ಮೀಟರ್ ಅಗಲದ ಬಂಡೆಯ ಸಂದಿಯಲ್ಲಿ ನುಗ್ಗಿ 40 ಮೀಟರ್‌ಗೂ ಜಾಸ್ತಿ ಕೆಳಗೆ ಬೀಳುತ್ತದೆ. ಉತ್ತರ ದಡದ ಬಯಲಿನಲ್ಲಿ ಜಿರಾಫೆಗಳ ನಡುವೆ ತಾಳೆ ಮರಗಳು ನಿಂತಿರುತ್ತವೆ. ನಮ್ಮ ತಾಟಿನುಂಗಿನ ಮರದ ಹತ್ತಿರದ ನೆಂಟ.

ಒಂದು ಮಾತು ಮುಂಚೆಯೇ ಹೇಳಿಬಿಡುತ್ತೇನೆ. ಉದ್ಯಾನದ ಒಳಗೇ ಈಗ ಪೆಟ್ರೋಲಿಯಂ ಕೆಲಸ ನಡೆಯುತ್ತಿದೆ. ಅದಕ್ಕಾಗಿ ಡಾಂಬರು ರಸ್ತೆ, ಸೇತುವೆ ಬಂದಿವೆ. ಪ್ರಯಾಣ ಸಲೀಸಾಗಿದೆ. ನನಗೆ ಮನಸ್ಸಿಗೆ ಸಲೀಸಾಗಿಲ್ಲ, ಅದು ಬೇರೆ ವಿಷಯ.

ಜೀಪೇ ಬೇಡ ಅನ್ನುವವರಿಗೆ ಲೇಕ್ ಮ್ಬುರೊ ಇದೆ. ಅಲ್ಲಿ ರೇಂಜರ್ ಜೊತೆ ನಡೆದೇ ಜೀಬ್ರಾ ಹತ್ತಿರ ಹೋಗಬಹುದು. ನೈರೋಬಿಯಲ್ಲಿ ಒಂದೇ ದಿನ ಸಿಕ್ಕರೆ ನೈರೋಬಿ ರಾಷ್ಟ್ರೀಯ ಉದ್ಯಾನ ಸಾಕು. 1946ರದ್ದು, 117 ಚದರ ಕಿಲೋಮೀಟರ್. ಘೇಂಡಾಮೃಗದ ಹಿಂದೆ ಊರಿನ ಎತ್ತರದ ಕಟ್ಟಡಗಳು ಕಾಣುತ್ತವೆ.

ಕೀನ್ಯಾದ ಮಾಸಾಯಿ ಮಾರಾದ ಮಹಾವಲಸೆ ಬಿಡೋದಾ? ನೋಡದೆ ಬಂದೆ ಅಂದರೆ ಊರಲ್ಲಿ ನಗ್ತಾರೆ.

ನಗಲಿ ಬಿಡಿ. ಹತ್ತು ಲಕ್ಷಕ್ಕೂ ಜಾಸ್ತಿ ವಿಲ್ಡೆಬೀಸ್ಟ್‌ಗಳು, ಅಂದರೆ ದನದಂತೆ ಕಾಣುವ ದೊಡ್ಡ ಹುಲ್ಲೆಗಳು, ಟಾಂಜಾನಿಯಾದ ಸೆರೆಂಗೆಟಿಯಿಂದ ಮಾರಾದ ಹುಲ್ಲಿಗೆ ಬರುವುದು ಸಾಮಾನ್ಯವಾಗಿ ಜುಲೈನಿಂದ ಅಕ್ಟೋಬರ್. ದೊಡ್ಡ ದೃಶ್ಯವೇ ಸರಿ. ಆದರೆ ಅವು ಮಾರಾ ನದಿ ದಾಟುವ ಕಡೆ ಜೀಪುಗಳ ಸಾಲು, ರೇಡಿಯೋದಲ್ಲಿ ಕೂಗಾಟ, ಗಂಟೆಗಟ್ಟಲೆ ಕಾಯುವುದು. ದಾಟುವಾಗ ಕಾಲ್ತುಳಿತ, ಮೊಸಳೆ, ಸತ್ತ ಪ್ರಾಣಿಗಳು. ನಿರಾಶ್ರಿತರು ಗಡಿ ದಾಟುವುದನ್ನು ಕಣ್ಣಾರೆ ಕಂಡವರು ಇದನ್ನು ಈಗಲೇ ನೋಡಬೇಕಾ ಅಂತ ಒಮ್ಮೆ ಯೋಚಿಸಿ. ಹೊರದೇಶದವರಿಗೆ ಪ್ರವೇಶ ಶುಲ್ಕವೂ ವರ್ಷದ ಮೊದಲರ್ಧದಲ್ಲಿ ದಿನಕ್ಕೆ 100 ಡಾಲರ್ ಇದ್ದದ್ದು ಜುಲೈನಿಂದ 200 ಆಗುತ್ತದೆ. ಜನವರಿ, ಫೆಬ್ರವರಿಯಲ್ಲಿ ಹೋದರೆ ಮಾರಾ ಶಾಂತವಾಗಿರುತ್ತದೆ. ಸಿಂಹ, ಚಿರತೆ, ಆನೆ ಆಗಲೂ ಅಲ್ಲೇ ಇರುತ್ತವೆ.

ಗೊರಿಲ್ಲಾ ನೋಡೋಕೆ ಉಗಾಂಡಾದ ಬ್ವಿಂಡಿ ಕಾಡಿಗೆ ಹೋಗಬಹುದಾ?

ಹೋಗಬಹುದು, ಆದರೆ ಅದನ್ನು ವಿಶ್ರಾಂತಿ ಅಂತ ಕರೆಯಬೇಡಿ. ಕಡಿದಾದ ಕಾಡಿನಲ್ಲಿ ಗಂಟೆಗಟ್ಟಲೆ ಹತ್ತಿ ಇಳಿಯಬೇಕು, ಗೊರಿಲ್ಲಾಗಳ ಜೊತೆ ಸಿಗುವುದು ಒಂದು ಗಂಟೆ. ಇನ್ನೊಂದು ವಿಷಯ ಆಸ್ಪತ್ರೆಯವರು ಮನಸ್ಸಿನಲ್ಲಿಡಬೇಕು. ನಮ್ಮ ಕೆಮ್ಮು ನೆಗಡಿ ಗೊರಿಲ್ಲಾಗಳಿಗೆ ಸುಲಭವಾಗಿ ಹತ್ತುತ್ತದೆ, ಅವಕ್ಕೆ ಅದು ಪ್ರಾಣಾಪಾಯ. ಹುಷಾರಿಲ್ಲದವರನ್ನು ಒಳಗೆ ಬಿಡುವುದಿಲ್ಲ. ಮಕ್ಕಳ ವಾರ್ಡಿನಿಂದ ಹೊರಟ ಮೂರನೇ ದಿನಕ್ಕೆ ನೂರಾರು ಡಾಲರ್ ಕೊಟ್ಟು ಪರ್ಮಿಟ್ ಮಾಡಿಸುವುದು ಜೂಜು.

ಮಳೆಗಾಲದಲ್ಲಿ ಹೋದರೆ?

ಮಾರ್ಚ್‌ನಿಂದ ಮೇವರೆಗೆ ದೊಡ್ಡ ಮಳೆ. ರೇಟು ಇಳಿದಿರುತ್ತದೆ, ಲಾಡ್ಜ್ ಖಾಲಿ ಇರುತ್ತದೆ, ಹುಲ್ಲು ಎತ್ತರ ಬೆಳೆದು ಪ್ರಾಣಿ ಕಮ್ಮಿ ಕಾಣುತ್ತದೆ. ಮಣ್ಣುರಸ್ತೆಯಲ್ಲಿ ಗಾಡಿ ಹೂತುಕೊಳ್ಳುವುದು ಮಾಮೂಲಿ. ಗಾಡಿ ತಳ್ಳುವುದಕ್ಕಾಗಿಯೇ ರಜೆ ತಗೊಂಡಿಲ್ಲ ಅನ್ನುವವರು ಒಣಗಾಲಕ್ಕೆ ಕಾಯಿರಿ. ತಾರಸಿಯ ಮೇಲೆ ಮಳೆ ಕೇಳುತ್ತಾ ಕಾಫಿ ಕುಡಿದರೂ ಸಾಕು ಅನ್ನುವವರಿಗೆ ಏಪ್ರಿಲ್ ಚೆನ್ನ.

## ಕಾಗದ, ಗುಳಿಗೆ, ಬಟ್ಟೆ, ಊಟ

ವೀಸಾ ಮತ್ತೆ ಮಾಡಿಸಬೇಕಾ? ಹಳದಿ ಜ್ವರದ ಕಾರ್ಡ್ ಯಾವಾಗಲೋ ಮಾಡಿಸಿದ್ದು.

ಕೀನ್ಯಾಕ್ಕೆ 2024ರಿಂದ ವೀಸಾ ಬದಲು ಆನ್‌ಲೈನ್‌ನಲ್ಲಿ ಮುಂಚಿತ ಅನುಮತಿ ತಗೊಳ್ಳಬೇಕು. ಕೀನ್ಯಾ, ಉಗಾಂಡಾ, ರುವಾಂಡಾ ಮೂರಕ್ಕೂ ಸೇರಿ 90 ದಿನದ ಒಂದೇ ಪ್ರವಾಸಿ ವೀಸಾ ಕೂಡ ಇದೆ, 100 ಡಾಲರ್. ದಕ್ಷಿಣ ಸುಡಾನ್ ಅದರಲ್ಲಿ ಸೇರಿಲ್ಲ. ಜೂಬಾದಿಂದ ಹೊರಡುವವರು ವಾಪಸ್ ಒಳಗೆ ಬರಲು ನಿಮ್ಮ ವೀಸಾ ನಡೆಯುತ್ತದೆಯೇ ಅಂತ ಮೊದಲೇ ನೋಡಿಕೊಳ್ಳಿ. ಎಲ್ಲರೂ ಹೋಗುವ ವೀಸಾದ ಬಗ್ಗೆಯೇ ಯೋಚಿಸುತ್ತಾರೆ, ಬರುವುದನ್ನು ಮರೆಯುತ್ತಾರೆ.

ಹಳದಿ ಜ್ವರದ ಲಸಿಕೆ ಒಮ್ಮೆ ಹಾಕಿಸಿದರೆ ಜೀವನಪೂರ್ತಿ ನಡೆಯುತ್ತದೆ. 2016ರಿಂದ ಇದು ಅಂತರರಾಷ್ಟ್ರೀಯ ನಿಯಮ. ಹಳೇ ಕಾರ್ಡಿನಲ್ಲಿ ಹತ್ತು ವರ್ಷ ಅಂತ ಬರೆದಿದ್ದರೂ ಪರವಾಗಿಲ್ಲ. ಹೊಸದಾಗಿ ಹಾಕಿಸುವವರಿಗೆ ಹತ್ತು ದಿನದ ನಂತರವೇ ಕಾರ್ಡ್ ಊರ್ಜಿತ. ಈ ದೇಶಗಳಿಂದ ಕಾರ್ಡ್ ಇಲ್ಲದೆ ಭಾರತಕ್ಕೆ ಇಳಿದರೆ ಆರು ದಿನದವರೆಗೆ ಪ್ರತ್ಯೇಕವಾಗಿ ಇಡಬಹುದು. ನಿಮ್ಮನ್ನು ನೋಡಲು ಊರಿಂದ ಬಂದು ಹೋಗುವ ಮನೆಯವರಿಗೂ ಇದೇ ನಿಯಮ.

ಇಷ್ಟು ದಿನ ಮಲೇರಿಯಾ ಗುಳಿಗೆ ಇಲ್ಲದೆ ಇದ್ದೆ. ಸಫಾರಿಗೆ ಬೇಕಾ?

ವರ್ಷಗಟ್ಟಲೆ ಇರುವವರು ಗುಳಿಗೆ ಬಿಟ್ಟುಬಿಡುವುದು ಗೊತ್ತಿದ್ದದ್ದೇ. ಯಾವುದು ತಗೋಬೇಕು ಅಂತ ನಿಮ್ಮ ಡಾಕ್ಟರ್ ಹೇಳಲಿ. ದಣಿದವರಿಗೆ ಸಂಬಂಧಪಟ್ಟ ಎರಡು ಮಾತು ಮಾತ್ರ ಹೇಳುತ್ತೇನೆ. ವಾರಕ್ಕೊಂದು ನುಂಗುವ ಮೆಫ್ಲೋಕ್ವಿನ್‌ನಿಂದ ಕೆಲವರಿಗೆ ಕೆಟ್ಟ ಕನಸು, ಆತಂಕ, ಮಂಕು ಬರುತ್ತದೆ. 2013ರಲ್ಲಿ ಅಮೆರಿಕದ ಔಷಧ ನಿಯಂತ್ರಕರು ಇದಕ್ಕೆ ತಮ್ಮ ಅತ್ಯಂತ ಗಂಭೀರ ಎಚ್ಚರಿಕೆಯನ್ನೇ ಹಾಕಿದರು. ಈಗಾಗಲೇ ನಿದ್ದೆ ಕೆಟ್ಟಿದ್ದರೆ ಅದನ್ನು ಡಾಕ್ಟರಿಗೆ ಬಾಯಿಬಿಟ್ಟು ಹೇಳಿ. ಎರಡನೆಯದು ಡಾಕ್ಸಿಸೈಕ್ಲಿನ್. ಅದನ್ನು ತಗೊಂಡವರ ಚರ್ಮ ಬಿಸಿಲಿಗೆ ಬೇಗ ಸುಡುತ್ತದೆ. ತೆರೆದ ಜೀಪಿನಲ್ಲಿ ಉದ್ದ ತೋಳಿನ ಅಂಗಿ, ಟೋಪಿ ಬೇಕೇ ಬೇಕು.

ಯಾವ ಬಟ್ಟೆ? ಹಳೇ ಮಿಲಿಟರಿ ಪ್ಯಾಂಟ್ ಇದೆ, ಗಟ್ಟಿ ಇದೆ.

ದಯವಿಟ್ಟು ಬೇಡ. ಉಗಾಂಡಾ, ಕೀನ್ಯಾ ಎರಡರಲ್ಲೂ ಸೈನ್ಯದ ಚುಕ್ಕೆಬಣ್ಣದ ಬಟ್ಟೆ ನಾಗರಿಕರು ಹಾಕಿದರೆ ಅಪರಾಧ. ಕಡುನೀಲಿ, ಕಪ್ಪು ಕೂಡ ಬಿಡಿ, ತ್ಸೆತ್ಸೆ ನೊಣಕ್ಕೆ ಆ ಬಣ್ಣಗಳೆಂದರೆ ಆಸೆ. ಮರ್ಚಿಸನ್ ದಾರಿಯಲ್ಲಿ ಮರಗಳ ನಡುವೆ ನೀಲಿ ಕಪ್ಪು ಬಟ್ಟೆಯ ತುಂಡುಗಳು ನೇತಾಡುವುದು ಕಾಣುತ್ತದೆ. ಯಾರೋ ಒಣಗಲು ಹಾಕಿದ್ದಲ್ಲ, ನೊಣ ಹಿಡಿಯುವ ಬೋನು. ಆ ನೊಣ ತೆಳು ಅಂಗಿಯ ಮೇಲಿಂದಲೇ ಕಚ್ಚುತ್ತದೆ, ಚೆನ್ನಾಗಿ ನೋಯುತ್ತದೆ. ಮಣ್ಣಿನ ಬಣ್ಣ, ಒಣಹುಲ್ಲಿನ ಬಣ್ಣ ಸರಿ. ಇನ್ನೊಂದು: ಕೀನ್ಯಾದಲ್ಲಿ 2017ರಿಂದ ಪ್ಲಾಸ್ಟಿಕ್ ಕ್ಯಾರಿಬ್ಯಾಗ್ ನಿಷೇಧ. ಚಪ್ಪಲಿ ಸುತ್ತಿಟ್ಟ ಕವರ್‌ಗಳನ್ನು ವಿಮಾನ ಹತ್ತುವ ಮೊದಲೇ ಬಿಸಾಡಿ.

ನಾವು ಸಸ್ಯಾಹಾರಿಗಳು. ಉಪವಾಸ ಬೀಳ್ತೀವಾ?

ಇಲ್ಲ. ಚಪಾತಿ, ಅವರೆ ಜಾತಿಯ ಕಾಳಿನ ಸಾರು, ಬಾಳೆಕಾಯಿ ಬೇಯಿಸಿದ ಮಟೋಕೆ ಎಲ್ಲ ಕಡೆ ಸಿಗುತ್ತವೆ. ಉಗಾಂಡಾದಲ್ಲಿ ಕಾಲೊ ಅಂತ ಕೇಳಿ. ರಾಗಿ ಹಿಟ್ಟನ್ನು ಮರಗೆಣಸಿನ ಹಿಟ್ಟಿನ ಜೊತೆ ತಿರುವಿ ಪುಟ್ಟ ಬುಟ್ಟಿಯಲ್ಲಿ ತಂದಿಡುತ್ತಾರೆ. ಮಂಡ್ಯದವರು ಮುರಿದು ನೋಡಿದರೆ ಮೊದಲ ತುತ್ತಿಗೇ ನೆಂಟಸ್ತನ ಹಿಡಿಯುತ್ತಾರೆ. ರಾಗಿಯ ತವರೂ ಪೂರ್ವ ಆಫ್ರಿಕಾದ ಎತ್ತರದ ನಾಡೇ ಅಲ್ವಾ. ಲಾಡ್ಜ್ ಬುಕ್ ಮಾಡುವಾಗಲೇ ಮೊಟ್ಟೆ ತಿನ್ನುತ್ತೀರೋ ಇಲ್ಲವೋ ಅಂತ ಬಿಡಿಸಿ ಬರೆಯಿರಿ.

ಖರ್ಚು ಕಮ್ಮಿ ಮಾಡೋಕೆ ದಾರಿ ಇದೆಯಾ?

ಒಂದು ಇದೆ, ಜನ ಮರೆಯುವಂಥದು. ಆ ದೇಶದಲ್ಲಿ ಕೆಲಸದ ಪರ್ಮಿಟ್ ಇದ್ದರೆ ನೀವು ಪ್ರವಾಸಿ ಅಲ್ಲ, ನಿವಾಸಿ. ಪಾರ್ಕಿನ ಗೇಟಿನಲ್ಲಿ ನಿವಾಸಿಗಳಿಗೆ ಬೇರೆ ದರ, ತುಂಬಾ ಕಮ್ಮಿ. ಪರ್ಮಿಟ್‌ನ ಪ್ರತಿ, ಗುರುತಿನ ಚೀಟಿ ಜೊತೆಗಿರಲಿ. ಲಾಡ್ಜ್‌ನಲ್ಲೂ ನಿವಾಸಿ ದರ ಕೇಳಿ, ಕೇಳದೆ ಯಾರೂ ಕೊಡುವುದಿಲ್ಲ. ಉಳಿತಾಯ ಮಾಡಬಾರದ ಕಡೆ ಅಂದರೆ ವಿಮೆ. ಅಮ್ರೆಫ್ ಫ್ಲೈಯಿಂಗ್ ಡಾಕ್ಟರ್ಸ್‌ನ ಏರ್ ಆಂಬುಲೆನ್ಸ್ ಸದಸ್ಯತ್ವಕ್ಕೆ ದೊಡ್ಡ ದುಡ್ಡೇನೂ ಆಗುವುದಿಲ್ಲ.

## ಕಾಡಿನಲ್ಲಿ

ಗೈಡ್‌ಗೆ ನಾನು ಏನು ಕೆಲಸ ಮಾಡ್ತೀನಿ ಅಂತ ಹೇಳಬೇಕಾ?

ವಿವರ ಬೇಡ. ಮೊದಲ ದಿನವೇ ಮೂರು ಮಾತು ಹೇಳಿದರೆ ಸಾಕು. ತುಂಬಾ ದಣಿದು ಬಂದಿದ್ದೇನೆ. ದಿನಕ್ಕೆ ಒಂದೇ ಸಲ ಹೊರಡೋಣ. ಪ್ರಾಣಿಗಳ ಪಟ್ಟಿ ಮುಗಿಸುವ ಆತುರ ನನಗಿಲ್ಲ. ಗೈಡ್‌ಗಳು ಬೇರೆಯವರ ಒತ್ತಡಕ್ಕೆ ಒಗ್ಗಿಹೋಗಿರುತ್ತಾರೆ. ಸಿಂಹ ತೋರಿಸದಿದ್ದರೆ ಟಿಪ್ಸ್ ಖೋತಾ ಅನ್ನುವ ಭಯ ಅವರಿಗೆ. ಆ ಭಯ ತೆಗೆದುಬಿಟ್ಟರೆ ಅವರೂ ಎಂಜಿನ್ ಆಫ್ ಮಾಡಿ ಕೂರುತ್ತಾರೆ. ಆಗಲೇ ಎಮ್ಮೆಯ ಮೂಗಿನೊಳಗೆ ಕೊಕ್ಕು ಹಾಕಿ ಉಣ್ಣೆ ಹೆಕ್ಕುವ ಪುಟ್ಟ ಹಕ್ಕಿ ಕಾಣುವುದು. ಎಮ್ಮೆ ಸೀನುತ್ತದೆ, ಹಕ್ಕಿ ಹಾರುತ್ತದೆ, ಮತ್ತೆ ಅಲ್ಲೇ ಬಂದು ಕೂರುತ್ತದೆ.

ಸಿಂಹ ಬೇಟೆಯಾಡೋದು ನೋಡೋಕೆ ನನಗೆ ಆಗಲ್ಲ. ಇದು ಹೇಡಿತನವಾ?

ಹೇಡಿತನದ ಮಾತೇ ಇಲ್ಲ. ಸಾವನ್ನು ದಿನವೂ ಹತ್ತಿರದಿಂದ ಕಂಡವರಿಗೆ ಇನ್ನೊಂದು ಸಾವು ಮನರಂಜನೆ ಆಗಬೇಕಿಲ್ಲ. ಕೆಲವರಿಗೆ ಉಲ್ಟಾ ಆಗುತ್ತದೆ: ಇಲ್ಲಿ ಯಾರದೂ ತಪ್ಪಿಲ್ಲ, ದ್ವೇಷವಿಲ್ಲ, ಹಸಿವು ಅಷ್ಟೇ ಅಂತ ನೋಡಿ ಮನಸ್ಸು ಹಗುರವಾಗುತ್ತದೆ. ನೀವು ಯಾವ ಥರದವರು ಅಂತ ಪರೀಕ್ಷೆ ಮಾಡಿ ನೋಡುವ ಅಗತ್ಯ ಇಲ್ಲ. ಬೇಟೆ ನಡೆಯುವ ಕಡೆ ಹೋಗುವುದು ಬೇಡ ಅಂತ ಗೈಡ್‌ಗೆ ಮುಂಚೆ ಹೇಳಿ. ಗಾಡಿಯಲ್ಲಿ ಬೇರೆಯವರಿದ್ದರೆ ಅವರನ್ನು ತಡೆಯಲಾಗುವುದಿಲ್ಲ. ದುಡ್ಡು ಸಾಲುವುದಾದರೆ ಪ್ರತ್ಯೇಕ ಗಾಡಿ ತಗೊಳ್ಳಿ. ಪಕ್ಷಿ ನೋಡುವುದು ಇನ್ನೂ ಸುಲಭದ ದಾರಿ. ಎಂಟೆಬ್ಬೆಯಿಂದ ಹತ್ತಿರದ ಮಬಾಂಬಾ ಜೌಗಿನಲ್ಲಿ ಸಣ್ಣ ದೋಣಿಯಲ್ಲಿ ಕೂತು ಶೂಬಿಲ್ ಹುಡುಕಬಹುದು. ಚಪ್ಪಲಿಯಷ್ಟು ದೊಡ್ಡ ಕೊಕ್ಕಿನ ಆ ಬೂದು ಹಕ್ಕಿ ಅಲುಗದೆ ನಿಂತೇ ಇರುತ್ತದೆ. ಅದು ಮೀನು ಹಿಡಿಯುವುದೂ ಬೇಟೆಯೇ ಅನ್ನಿ, ಆದರೆ ಯಾರೂ ಚಪ್ಪಾಳೆ ತಟ್ಟುವುದಿಲ್ಲ.

ಬಂದೂಕು ಕಂಡರೆ ಈಗಲೂ ಎದೆ ಹೊಡ್ಕೊಳ್ಳುತ್ತೆ. ರೇಂಜರ್‌ಗಳ ಹತ್ತಿರ ಇರುತ್ತಾ?

ಇರುತ್ತದೆ. ನಡೆದು ಹೋಗುವ ಸಫಾರಿಯಲ್ಲಿ ರೈಫಲ್ ಹಿಡಿದ ರೇಂಜರ್ ಖಂಡಿತ. ಗೇಟಿನಲ್ಲೂ ಇರುತ್ತಾರೆ. ಮುಂಚೆಯೇ ಗೊತ್ತಿದ್ದರೆ ಅರ್ಧ ಗಾಬರಿ ಕಮ್ಮಿ. ಅದೂ ಕಷ್ಟ ಅನಿಸಿದರೆ ನಡಿಗೆ ಬಿಟ್ಟು ದೋಣಿ ಆರಿಸಿಕೊಳ್ಳಿ. ರಾತ್ರಿ ಹಿಪ್ಪೊ ಗುಡುಗುವುದು, ಕೋತಿಗಳು ತಗಡಿನ ಮೇಲೆ ಹಾರುವುದು ಇದ್ದೇ ಇರುತ್ತದೆ. ಟೆಂಟಿಗಿಂತ ಗೋಡೆಯಿರುವ ಕೋಣೆ ಕೇಳಿ.

ಫೋನ್ ಆಫ್ ಮಾಡಿದರೆ ಟೀಮ್ ಪರಿಸ್ಥಿತಿ ಏನು?

ಒಬ್ಬರಿಗೆ ಮಾತ್ರ ಲಾಡ್ಜ್‌ನ ನಂಬರ್ ಕೊಡಿ. ತುರ್ತು ಅಂದರೆ ಯಾವುದು ಅಂತ ಅವರ ಜೊತೆ ಕೂತು ಬರೆದುಕೊಳ್ಳಿ. ಗ್ರೂಪಿನಿಂದ ಹೊರಗೆ ಬನ್ನಿ. ನೀವಿಲ್ಲದೆ ವಾರ ನಡೆಯದ ಕೆಲಸವಾದರೆ ಅದನ್ನು ಸರಿ ಮಾಡಬೇಕಾದದ್ದು ಕಚೇರಿಯಲ್ಲಿ.

## ಬಾಯಿಬಿಟ್ಟು ಕೇಳಲು ಕಷ್ಟವಾದವು

ಅಲ್ಲಿ ಜನ ಒಂದು ಹೊತ್ತು ಉಣ್ತಾರೆ, ನಾನಿಲ್ಲಿ ಬಫೆ ಮುಂದೆ ನಿಂತಿದ್ದೀನಿ. ಗಂಟಲಲ್ಲಿ ಇಳಿಯಲ್ಲ.

ಇಳಿಯದಿರುವುದು ಸಹಜ. ಅದಕ್ಕೆ ಉತ್ತರ ಅಂತ ನನ್ನ ಹತ್ತಿರ ಒಂದೇ ಮಾತಿಲ್ಲ. ಐಷಾರಾಮಿ ಲಾಡ್ಜ್‌ನಿಂದ ಈ ಭಾವನೆ ಜಾಸ್ತಿಯಾಗುತ್ತದೆ, ಸಾಧಾರಣ ಜಾಗದಲ್ಲಿ ಕಮ್ಮಿ. ಸಾಧಾರಣ ಜಾಗವನ್ನೇ ಆರಿಸಿ. ಪಾರ್ಕಿನ ಸುತ್ತಲಿನ ಹಳ್ಳಿಯವರು ನಡೆಸುವ ತಂಗುದಾಣಗಳೂ ಇವೆ.

ಉತ್ತರ ಉಗಾಂಡಾದಲ್ಲಿ ಕೆಲಸ ಮಾಡಿದ ಕೆಲವರು ಡಾಕ್ಟರ್ ಮ್ಯಾಥ್ಯೂ ಲುಕ್ವಿಯಾ ಅವರ ಹೆಸರು ತೆಗೆಯುತ್ತಾರೆ. 2000ದಲ್ಲಿ ಗುಲುವಿನಲ್ಲಿ ಎಬೋಲಾ ಬಂದಾಗ ಲಾಕೋರ್ ಆಸ್ಪತ್ರೆಯನ್ನು ಮುನ್ನಡೆಸಿ, ಆ ಡಿಸೆಂಬರ್‌ನಲ್ಲಿ ಅದೇ ಕಾಯಿಲೆಗೆ ಬಲಿಯಾದವರು ಅವರು. ಅವರು ಪ್ರಾಣ ಕೊಟ್ಟರು, ನಾನು ರಜೆ ಕೇಳಲಾ ಅನ್ನುತ್ತಾರೆ. ಆ ವಾರಗಳಲ್ಲಿ ಅವರು ಸಿಬ್ಬಂದಿಗೆ ಗೌನು, ಕೈಗವಸು, ಮುಖಗವಸಿನ ಶಿಸ್ತು ಕಲಿಸಲು ಪಟ್ಟ ಪಾಡು ನೆನೆಸಿಕೊಳ್ಳಿ. ಜೊತೆಯವರು ಬದುಕಿ ಉಳಿಯಲಿ ಅಂತಲೇ ಅದೆಲ್ಲ. ಅವರ ಹೆಸರನ್ನು ರಜೆ ತಗೊಳ್ಳದಿರಲು ನೆಪ ಮಾಡಿಕೊಂಡರೆ ಅವರಿಗೆ ಅನ್ಯಾಯ.

ಹೆಂಡತಿ ಮಗು ಬೆಂಗಳೂರಿಂದ ಬರ್ತಾರೆ. ಅವರಿಗೆ ಎಲ್ಲ ನೋಡಬೇಕು, ನನಗೆ ಏನೂ ಬೇಡ.

ಜಗಳ ಕಾದಿದೆ, ಈಗಲೇ ತಪ್ಪಿಸಿ. ಅವರು ತಿಂಗಳುಗಟ್ಟಲೆ ಒಬ್ಬರೇ ಮನೆ ನಡೆಸಿ ಬರುತ್ತಿದ್ದಾರೆ, ಅವರಿಗೂ ದಣಿವಿದೆ. ಅವರ ದಣಿವಿಗೆ ತಿರುಗಾಟ ಬೇಕು, ನಿಮ್ಮದಕ್ಕೆ ಕೂರುವುದು. ನೀವು ಎರಡು ದಿನ ಮುಂಚೆ ಬಂದು ನಿದ್ದೆ ಮುಗಿಸಿಕೊಳ್ಳಿ. ಬೆಳಗಿನ ಸಫಾರಿಗೆ ಅವರು ಹೋಗಲಿ, ದೋಣಿಗೆ ಎಲ್ಲರೂ ಹೋಗಿ. ಹೊರಡುವ ಮುಂಚೆ ಫೋನಿನಲ್ಲಿ ಹೇಳಿಬಿಡಿ: ನಾನು ಮೊದಲ ದಿನ ಜಾಸ್ತಿ ಮಾತಾಡದಿದ್ದರೆ ಅದು ನಿನ್ನ ಮೇಲಿನ ಕೋಪ ಅಲ್ಲ. ಚಿಕ್ಕ ಮಕ್ಕಳನ್ನು ಗಾಡಿಯಲ್ಲಿ ಮೂರು ಗಂಟೆ ಕೂರಿಸುವುದು ಆಗದ ಮಾತು. ಈಜುಕೊಳ ಇರುವ ಲಾಡ್ಜ್ ನೋಡಿ. ಸರೋವರದಲ್ಲಿ ಮಾತ್ರ ಇಳಿಯಬೇಡಿ, ಬಿಲ್ಹಾರ್ಜಿಯಾ ಅನ್ನುವ ಹುಳುವಿನ ಕಾಯಿಲೆ ಹತ್ತುತ್ತದೆ.

ನಾನು ಸಿಸ್ಟರ್. ಸಫಾರಿ ಅಂದರೆ ಮಠದಲ್ಲಿ ಹುಬ್ಬು ಏರಿಸ್ತಾರೆ.

ಬಿಡುವು ಹೊಸ ಫ್ಯಾಷನ್ ಅಲ್ಲ ಅಂತ ಹೇಳಿ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ನಿನವರೂ ಕರಾವಳಿಯ ಸೆಕೆ, ಜ್ವರದಿಂದ ಸೋತಾಗ ನೀಲಗಿರಿ ಹತ್ತುತ್ತಿದ್ದರು. ಅಲ್ಲಿ ಕೇತಿಯಲ್ಲಿ ಅವರದೇ ಠಾಣೆ ಇತ್ತು. ಸುಧಾರಿಸಿಕೊಂಡವರು ಮತ್ತೆ ಕೆಲಸಕ್ಕೆ ಇಳಿದರು. ದುಡ್ಡಿನ ಮಾತಾದರೆ ಒಂದು ದಿನದ ನೈರೋಬಿ ಪಾರ್ಕ್, ಅಥವಾ ನೈವಾಶಾ ಸರೋವರದ ದಡದಲ್ಲಿ ಎರಡು ರಾತ್ರಿ. ನಾಲ್ವರು ಸಿಸ್ಟರ್‌ಗಳು ಸೇರಿದರೆ ಗಾಡಿಯ ಬಾಡಿಗೆಯೂ ಹಂಚಿಹೋಗುತ್ತದೆ.

ಹೋದೆ. ಆನೆ ನೋಡಿ ಏನೂ ಅನಿಸಲಿಲ್ಲ. ಆಮೇಲೆ ಊಟದ ಮೇಜಿನಲ್ಲಿ ಸುಮ್ನೆ ಅಳು ಬಂತು.

ಎರಡೂ ತುಂಬಾ ಜನರಿಗೆ ಆಗುತ್ತದೆ. ಕೆಲಸದ ನಡುವೆ ಒತ್ತಿಟ್ಟದ್ದು ಕೈ ಖಾಲಿಯಾದ ಮೇಲೆ ಮೇಲೆ ಬರುತ್ತದೆ. ಅಳು ಬಂದರೆ ಅತ್ತುಬಿಡಿ, ಆ ದಿನದ ಜೀಪು ರದ್ದು ಮಾಡಿ. ಏನೂ ಅನಿಸದಿರುವುದು ಊರಿಗೆ ಬಂದ ಮೇಲೂ ವಾರಗಟ್ಟಲೆ ಮುಂದುವರಿದರೆ ಅದರ ಕಡೆ ಗಮನ ಕೊಡಿ. ಸಫಾರಿ ಚಿಕಿತ್ಸೆ ಅಲ್ಲ. ಹಾಗೆ ಮಾರುವವರನ್ನು ನಂಬಬೇಡಿ.

ವಾಪಸ್ ಬಂದ ಮೇಲೆ ಯಾವಾಗ ಡಾಕ್ಟರ್ ಹತ್ತಿರ ಹೋಗಬೇಕು?

ಜ್ವರ ಬಂದರೆ ಅದೇ ದಿನ. ಬಂದು ಎರಡು ತಿಂಗಳಾಗಿದ್ದರೂ ಸರಿ. ಆಫ್ರಿಕಾದಲ್ಲಿದ್ದೆ, ಇಂಥಿಂಥ ಊರು ಅಂತ ಕೇಳುವ ಮೊದಲೇ ಹೇಳಿ. ಮಲೇರಿಯಾದಲ್ಲೇ ಅತಿ ಅಪಾಯದ ಬಗೆಯಾದ ಫಾಲ್ಸಿಪಾರಂ ಕಾಯುತ್ತಾ ಕೂರುವ ಕಾಯಿಲೆ ಅಲ್ಲ. ನೊಣ ಕಚ್ಚಿದ ಜಾಗ ಗಂಟಾಗಿ ಊದಿಕೊಂಡು ಜ್ವರವೂ ಬಂದರೆ ತ್ಸೆತ್ಸೆಯ ವಿಷಯ ಮರೆಯದೆ ತಿಳಿಸಿ, ಆ ನೊಣದಿಂದ ಹರಡುವ ನಿದ್ರಾರೋಗ ನಮ್ಮ ಡಾಕ್ಟರ್‌ಗಳಿಗೆ ಥಟ್ಟನೆ ಹೊಳೆಯುವಂಥದಲ್ಲ.

ಮನಸ್ಸಿಗೆ ಲೆಕ್ಕ ಸ್ವಲ್ಪ ಬೇರೆ. ಅದೇ ದೃಶ್ಯ ಮತ್ತೆ ಮತ್ತೆ ಬರುವುದು, ಸದ್ದಿಗೆ ಬೆಚ್ಚುವುದು, ನಿದ್ದೆಗೆ ಹೆದರುವುದು, ಕುಡಿತ ಜಾಸ್ತಿಯಾಗುವುದು ಒಂದು ತಿಂಗಳು ದಾಟಿದರೆ ತೋರಿಸಿ. ಸತ್ತುಹೋಗೋಣ ಅನಿಸಿದರೆ ಒಂದು ಗಂಟೆಯೂ ಕಾಯಬೇಡಿ. ನಿಮ್ಮ ಸಂಸ್ಥೆಯಲ್ಲಿ ಆಪ್ತಸಮಾಲೋಚಕರು ಇದ್ದರೆ ಮೊದಲು ಅವರು, ಯಾಕೆಂದರೆ ಶಿಬಿರ ಅಂದರೆ ಏನು ಅಂತ ಅವರಿಗೆ ಬಿಡಿಸಿ ಹೇಳಬೇಕಿಲ್ಲ. ಇಲ್ಲದಿದ್ದರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಭಾರತದ ಒಳಗಿಂದ 14416ಕ್ಕೆ ಕರೆ ಮಾಡಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ ಸಿಗುತ್ತದೆ. ಹಗಲು ರಾತ್ರಿ ಇರುತ್ತಾರೆ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು.